ಕೂಸಿನ ಹೆಸರು, ಕೊನೆಯ ಅಕ್ಷರ



ಅಕ್ಷರಮಾಲೆ ಕಲಿತಿರಿ. ಕಾಗುಣಿತ ಕಲಿತಿರಿ. ಒತ್ತಕ್ಷರವನ್ನೂ ಕಲಿತಿರಿ. ಕಲಿತ ಅಕ್ಷರವನ್ನು ಈಗ ಒಂದು ದೊಡ್ಡ ಕೆಲಸಕ್ಕೆ ಬಳಸೋಣ.

ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿದೆ. ಅದಕ್ಕೆ ಹೆಸರು ಇಡಬೇಕು. ಸೀರೆ ಹಳೆಯದಾದರೆ ಬದಲಾಯಿಸಬಹುದು. ಮನೆ ಸೋರಿದರೆ ಹೆಂಚು ಹೊದಿಸಬಹುದು. ಹೆಸರು ಮಾತ್ರ ಒಮ್ಮೆ ಇಟ್ಟರೆ ಬಾಳಿನ ಕೊನೆ ತನಕ ಇರುತ್ತದೆ. ಹೆಸರು ಹೇಗೆ ಶುರುವಾಗಬೇಕು ಅಂತ ಎಲ್ಲರೂ ಯೋಚಿಸುತ್ತಾರೆ. ಹೇಗೆ ಮುಗಿಯಬೇಕು ಅಂತ ಯೋಚಿಸುವವರು ಕಡಿಮೆ. ಈ ಪಾಠದಲ್ಲಿ ನಾವು ಹೆಸರಿನ ಕೊನೆಯ ಅಕ್ಷರದ ಬಗ್ಗೆ ಓದೋಣ.

ಮೊದಲ ಅಕ್ಷರ ಪಂಚಾಂಗದ್ದು, ಕೊನೆಯ ಅಕ್ಷರ ನಮ್ಮದು

ಕೂಸು ಹುಟ್ಟಿದ ಕೂಡಲೇ ಅನೇಕ ಮನೆಗಳಲ್ಲಿ ಪಂಚಾಂಗ ಕೇಳುತ್ತಾರೆ. ಹುಟ್ಟಿದ ನಕ್ಷತ್ರ ಯಾವುದು, ಪಾದ ಯಾವುದು ಅಂತ ನೋಡುತ್ತಾರೆ. ಒಂದೊಂದು ಪಾದಕ್ಕೆ ಒಂದೊಂದು ಅಕ್ಷರ. ರೋಹಿಣಿ ನಕ್ಷತ್ರಕ್ಕೆ ಓ, ವ, ವಿ, ವು ಎಂಬ ನಾಲ್ಕು ಅಕ್ಷರ. ಕೂಸು ರೋಹಿಣಿಯ ಎರಡನೇ ಪಾದದಲ್ಲಿ ಹುಟ್ಟಿದರೆ ಹೆಸರು 'ವ' ಅಕ್ಷರದಿಂದ ಶುರುವಾಗಲಿ ಅಂತಾರೆ.

ನೋಡುವವರು ನೋಡಲಿ. ಆದರೆ ಪಂಚಾಂಗ ಹೇಳುವುದು ಮೊದಲ ಅಕ್ಷರ ಮಾತ್ರ. ವನಿತಾ, ವಸಂತಿ, ವಸುಧೆ, ವನಜಾಕ್ಷಿ, ವರಲಕ್ಷ್ಮಮ್ಮ. ಎಲ್ಲವೂ 'ವ' ಅಕ್ಷರದಿಂದಲೇ ಶುರು. ಕೊನೆ ಮಾತ್ರ ಬೇರೆ ಬೇರೆ. ಆ ಕೊನೆಯನ್ನು ಆರಿಸುವುದು ಮನೆಯವರ ಕೈಲಿದೆ. ಅದರಲ್ಲೂ ತಾಯಿಯ ಕೈಲಿದೆ.

ಅರಸ, ಅರಸಿ

ಕೊನೆಯ ಅಕ್ಷರಕ್ಕೆ ಎಷ್ಟು ಶಕ್ತಿ ಇದೆ? ನಮ್ಮ ಅರಸೀಕೆರೆಯ ಹೆಸರನ್ನೇ ನೋಡಿ.

ಅರಸ ಅಂದರೆ ರಾಜ. 'ಸ' ಅಕ್ಷರಕ್ಕೆ ಒಂದು ಗುಡಿಸು ಕೊಡಿ. 'ಸಿ' ಆಯಿತು. ಅರಸಿ ಅಂದರೆ ರಾಣಿ. ಒಂದೇ ಒಂದು ಗುಡಿಸು ರಾಜನನ್ನು ರಾಣಿ ಮಾಡಿತು! ಹುಡುಗ, ಹುಡುಗಿ. ಅಜ್ಜ, ಅಜ್ಜಿ. ಗೆಳೆಯ, ಗೆಳತಿ. ಕನ್ನಡದಲ್ಲಿ ಹೆಣ್ಣೋ ಗಂಡೋ ಅಂತ ಹೇಳುವುದು ಹೆಚ್ಚಾಗಿ ಪದದ ಕೊನೆ.

ಹೊಯ್ಸಳರ ಕಾಲದಲ್ಲಿ ಒಬ್ಬ ಅರಸಿ ಕೆರೆ ಕಟ್ಟಿಸಿದಳು, ಅದರಿಂದ ಊರಿಗೆ ಅರಸೀಕೆರೆ ಎಂಬ ಹೆಸರು ಬಂತು ಅಂತ ಹಿರಿಯರು ಹೇಳುತ್ತಾರೆ. ಆ ಅರಸಿಯ ಸ್ವಂತ ಹೆಸರು ಏನು? ಊರಿನ ಹೆಸರಿನಲ್ಲಿ ಅದು ಇಲ್ಲ. ಕೆರೆ ಉಳಿಯಿತು, ಅರಸಿ ಎಂಬ ಪಟ್ಟ ಉಳಿಯಿತು. ಸ್ವಂತ ಹೆಸರು ಜನರ ನಾಲಿಗೆಯ ಮೇಲೆ ಉಳಿಯಲಿಲ್ಲ.

ಕಲ್ಲಿನ ಮೇಲಿನ ಹೆಸರು

ಇನ್ನೊಬ್ಬ ರಾಣಿಯ ಹೆಸರು ಮಾತ್ರ ಚೆನ್ನಾಗಿ ಉಳಿದಿದೆ. ಅವಳು ಶಾಂತಲೆ. ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದ ರಾಣಿ. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವ ದೇವರನ್ನು ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಅದೇ ಅಂಗಳದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಇದೆ. ಅದನ್ನು ಕಟ್ಟಿಸಿದವಳು ಶಾಂತಲೆ.

ಹಳೇಬೀಡಿನ ದೊಡ್ಡ ಗುಡಿಗೆ ಹೋಗಿದ್ದೀರಾ? ಒಂದೇ ಗುಡಿಯಲ್ಲಿ ಎರಡು ಶಿವಲಿಂಗ. ಒಂದು ಹೊಯ್ಸಳೇಶ್ವರ. ಇನ್ನೊಂದು ಶಾಂತಲೇಶ್ವರ. ದೊರೆಯ ಹೆಸರಿನಲ್ಲಿ ಒಂದು, ರಾಣಿಯ ಹೆಸರಿನಲ್ಲಿ ಒಂದು. ಬೇಲೂರು, ಹಳೇಬೀಡು, ಸೋಮನಾಥಪುರ ಈ ಮೂರೂ ಊರಿನ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೇಶ ವಿದೇಶದ ಜನ ಬಂದು ಆ ರಾಣಿಯ ಹೆಸರು ಹೇಳುತ್ತಾರೆ. ಒಂಬೈನೂರು ವರ್ಷ ಆದರೂ ಹೆಸರು ಅಳಿದಿಲ್ಲ. ಯಾಕೆ? ಶಾಸನದಲ್ಲಿ ಬರೆದಿದ್ದಾರೆ. ಬರೆದದ್ದು ಉಳಿಯುತ್ತದೆ.

ಆ ಶಾಸನಗಳಲ್ಲಿ ಇನ್ನೊಂದು ವಿಷಯ ಇದೆ. ಶಾಂತಲೆಯ ತಾಯಿಯ ಹೆಸರು ಮಾಚಿಕಬ್ಬೆ. ಅದು 'ಅಬ್ಬೆ' ಅಂತ ಮುಗಿಯುತ್ತದೆ. ಅಬ್ಬೆ ಅಂದರೆ ತಾಯಿ. ಅಬ್ಬೆ, ಅವ್ವೆ, ಅವ್ವ, ಮೂರೂ ಒಂದೇ ಬಳ್ಳಿಯ ಕಾಯಿ. ಮಗಳನ್ನು ಶಾಂತಲದೇವಿ ಅಂತ ಕರೆದರು. ಅದು 'ದೇವಿ' ಅಂತ ಮುಗಿಯುತ್ತದೆ. ತಾಯಿಗೆ ಒಂದು ಕೊನೆ, ಮಗಳಿಗೆ ಒಂದು ಕೊನೆ. ಕಾಲ ಬದಲಾದ ಹಾಗೆ ಹೆಸರಿನ ಕೊನೆ ಬದಲಾಗುವುದು ಇವತ್ತಿನ ಮಾತಲ್ಲ. ಅಜ್ಜಿ ಸಿದ್ದಮ್ಮ, ಮಗಳು ಸರೋಜಾ, ಮೊಮ್ಮಗಳು ಸಿಂಚನಾ ಆದರೆ ಗಾಬರಿಯಾಗಬೇಕಿಲ್ಲ.

ಅಮ್ಮ, ಅಕ್ಕ, ಅವ್ವ

ನಮ್ಮ ಕಡೆ ದೊಡ್ಡವರ ಹೆಸರು ಹೇಗೆ ಮುಗಿಯುತ್ತವೆ? ಲಕ್ಷ್ಮಮ್ಮ, ರಂಗಮ್ಮ, ಸಣ್ಣಮ್ಮ, ಪುಟ್ಟಮ್ಮ. ಉತ್ತರ ಕರ್ನಾಟಕದ ಕಡೆ ಹೋದರೆ ಬಸವ್ವ, ಯಲ್ಲವ್ವ, ಗಂಗವ್ವ. ಅಲ್ಲೇ ಕೆಲವರು ಶಾಂತಾಬಾಯಿ, ಕಮಲಾಬಾಯಿ. ಹಾಸನದ ದೇವಿಯ ಹೆಸರು ಹಾಸನಾಂಬ. ಅಂಬ ಅಂದರೂ ತಾಯಿಯೇ. ವರ್ಷಕ್ಕೆ ಒಂದು ಸಲ ದೀಪಾವಳಿ ಹೊತ್ತಿಗೆ ಆ ಗುಡಿಯ ಬಾಗಿಲು ತೆರೆಯುತ್ತಾರೆ. ಬೇಲೂರಿನ ಗುಡಿಯಲ್ಲಿರುವ ದೇವಿ ಸೌಮ್ಯನಾಯಕಿ. ನಾಯಕ ಎಂಬ ಪದಕ್ಕೆ ಗುಡಿಸು ಬಂದು ನಾಯಕಿ ಆಯಿತು.

ನಮ್ಮ ಜಿಲ್ಲೆಯ ಮುಸ್ಲಿಂ ಅಕ್ಕಂದಿರ ಹೆಸರುಗಳು ಫಾತಿಮಾ, ಆಯಿಷಾ, ಖೈರುನ್ನೀಸಾ, ಶಾಹಿದಾಬಾನು ಅಂತ ಮುಗಿಯುತ್ತವೆ. ಬಾನು ಅಂದರೆ ಪಾರ್ಸಿ ಮಾತಿನಲ್ಲಿ ಗೌರವದ ಹೆಂಗಸು. ಕನ್ನಡದಲ್ಲಿ ಬಾನು ಅಂದರೆ ಆಕಾಶ. ಹಾಸನದ ಲೇಖಕಿ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಮ್ಮ ಜಿಲ್ಲೆಯ ಹೆಂಗಸು ಕನ್ನಡದಲ್ಲಿ ಬರೆದ ಕಥೆ ಪ್ರಪಂಚಕ್ಕೆಲ್ಲ ತಿಳಿಯಿತು.

ಒಂದು ಮಾತುಕತೆ

ಈಗ ಅತ್ತೆ ಸೊಸೆಯ ಮಾತು ಓದೋಣ. ಒಬ್ಬರು ಅತ್ತೆ ಆಗಿ, ಒಬ್ಬರು ಸೊಸೆ ಆಗಿ ಗಟ್ಟಿಯಾಗಿ ಓದಿ.

ಅತ್ತೆ: ಮಗೀಗೆ ನಮ್ಮತ್ತೆ ಹೆಸರೇ ಇಡಬೇಕು ಕಣೆ. ಗೌರಮ್ಮ.

ಸೊಸೆ: ಅತ್ತೆ, ಪುಟ್ಟ ಕೂಸಿಗೆ ಗೌರಮ್ಮ ಅಂದ್ರೆ ಸ್ಕೂಲಲ್ಲಿ ಮಕ್ಕಳು ಅಜ್ಜಿ ಅಂತ ಆಡ್ಕೋತಾರೆ.

ಅತ್ತೆ: ಅಮ್ಮ ಇಲ್ಲದ ಹೆಸರೂ ಒಂದು ಹೆಸರಾ? ಬಾಗಿಲಿಲ್ಲದ ಮನೆ ಇದ್ದಂಗೆ.

ಸೊಸೆ: ಒಂದು ಮಾತು ಕೇಳಲಾ? ಅವರನ್ನ ತೊಟ್ಟಿಲಲ್ಲಿದ್ದಾಗಲೇ ಗೌರಮ್ಮ ಅಂತ ಕರೀತಿದ್ರಾ?

ಅತ್ತೆ: ಎಲ್ಲೀದು! ತವರಲ್ಲಿ ಗೌರಿ ಅಂತಿದ್ರಂತೆ. ಈ ಮನೆಗೆ ಬಂದ ಮೇಲೆ ಮೈದುನರೆಲ್ಲ ಗೌರಕ್ಕ ಅಂದ್ರು. ಮಕ್ಕಳಾದ ಮೇಲೆ ಊರೇ ಗೌರಮ್ಮ ಅಂತು.

ಸೊಸೆ: ಹಂಗಾದ್ರೆ ಅವರ ಹೆಸರು ಗೌರಿ. ನಾವೂ ಗೌರಿ ಅಂತಲೇ ಇಡೋಣ. ಅಕ್ಕ, ಅಮ್ಮ ಅನ್ನೋದನ್ನ ಇವಳು ಬೆಳೀತಾ ಸಂಪಾದಿಸಲಿ.

ಅತ್ತೆ: ನಮ್ಮತ್ತೆ ಹೆಸರು ಇಟ್ಮೇಲೆ ನೀನು ಬಯ್ಯೋ ಹಂಗಿಲ್ಲ ನೋಡು.

ಸೊಸೆ: ಬಯ್ಯಲ್ಲ ಬಿಡಿ. ಆದ್ರೆ ಕಾಗದದಲ್ಲಿ ಮಾತ್ರ ಯಾವತ್ತೂ ಗೌರಿ ಅಂತಲೇ ಇರಬೇಕು.

ಅತ್ತೆ: ಆಗಲಿ. ನಂದು ರೇಷನ್ ಕಾರ್ಡಲ್ಲಿ ಒಂದು, ಬ್ಯಾಂಕಲ್ಲಿ ಒಂದು ಆಗಿ ಎಷ್ಟು ಅಲೆದೆ. ಆ ಕಷ್ಟ ಈ ಕೂಸಿಗೆ ಬೇಡ. ತೊಟ್ಟಿಲ ಶಾಸ್ತ್ರದ ದಿನ ಅಕ್ಕಿ ಮೇಲೆ ಹೆಸರು ಬರೆಯೋರು ಯಾರು?

ಸೊಸೆ: ನಾನೇ ಬರೀತೀನಿ ಅತ್ತೆ.

ಈ ಮಾತಿನಲ್ಲಿ ಜಗಳ ಇಲ್ಲ. ಅತ್ತೆಯ ಆಸೆಯೂ ಉಳಿಯಿತು, ಸೊಸೆಯ ಇಷ್ಟವೂ ಉಳಿಯಿತು. ನೋಡಿ, ಅಮ್ಮ ಮತ್ತು ಅಕ್ಕ ಎಂಬ ಕೊನೆ ನಮ್ಮ ಜೊತೆ ಬೆಳೆಯುತ್ತದೆ. ಅದು ಜನ ಕೊಡುವ ಗೌರವ. ಬಾಯಿಮಾತಿನಲ್ಲಿ ಅದು ಇರಲೇಬೇಕು. ಕಾಗದದಲ್ಲಿ ಮಾತ್ರ ಹೆಸರು ಒಂದೇ ಇರಬೇಕು.

ಐದು ಬಗೆಯ ಕೊನೆ

ಹೆಣ್ಣುಮಕ್ಕಳ ಹೆಸರು ಯಾವ ಯಾವ ಅಕ್ಷರದಲ್ಲಿ ಮುಗಿಯುತ್ತವೆ? ಕಾಗುಣಿತ ನೆನಪು ಮಾಡಿಕೊಳ್ಳಿ.

1. ಇಳಿ ಇರುವ ಕೊನೆ: ಗೀತಾ, ವಿಜಯಾ, ಶಾರದಾ. ಹೆಣ್ಣಿನ ಹೆಸರು ದೀರ್ಘದಲ್ಲಿ ಮುಗಿಯಲಿ ಅಂತ ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಇದೆ. ಈ ಹೆಸರುಗಳು ಆ ದಾರಿಯವು. ಕೊನೆಗೆ 'ಜಾ' ಬಂದರೆ ಹುಟ್ಟಿದವಳು ಎಂದು ಅರ್ಥ. ಗಿರಿಯಲ್ಲಿ ಹುಟ್ಟಿದವಳು ಗಿರಿಜಾ. 'ಲತಾ' ಅಂದರೆ ಬಳ್ಳಿ. ಹೇಮಲತಾ ಅಂದರೆ ಹೊನ್ನಿನ ಬಳ್ಳಿ.

2. ಗುಡಿಸು ಇರುವ ಕೊನೆ: ಗೌರಿ, ಲಕ್ಷ್ಮಿ, ನಂದಿನಿ, ಪದ್ಮಾವತಿ. 'ವತಿ' ಅಂದರೆ ಅದನ್ನು ಹೊಂದಿದವಳು. ಗುಣ ಇರುವವಳು ಗುಣವತಿ.

3. ಎತ್ವ ಇರುವ ಕೊನೆ: ಸೀತೆ, ಶಾಂತಲೆ, ಗಂಗೆ. ಸಂಸ್ಕೃತದ ಸೀತಾ ಕನ್ನಡಕ್ಕೆ ಬಂದರೆ ಸೀತೆ. ಮಾಲಾ ಬಂದರೆ ಮಾಲೆ. ಇದು ಅಚ್ಚ ಕನ್ನಡದ ಕೊನೆ. ಕಥೆ, ಹಾಡುಗಳಲ್ಲಿ ಹೆಚ್ಚು ಕೇಳುತ್ತೇವೆ. ಕೂಸಿಗೆ ಇಡುವವರು ಈಗ ಕಡಿಮೆ.

4. ಕೊಂಬು ಇರುವ ಕೊನೆ: ಬಾನು, ಇಂದು, ಮಧು, ರೇಣು. ಮಧು ಗಂಡಿಗೂ ಇಡುತ್ತಾರೆ, ಹೆಣ್ಣಿಗೂ ಇಡುತ್ತಾರೆ.

5. ಅರ್ಧ ಅಕ್ಷರದ ಕೊನೆ: ಕಾಜಲ್, ಶೀತಲ್, ಮುಸ್ಕಾನ್. ಇವು ಉತ್ತರದ ಕಡೆಯಿಂದ ಬಂದ ಹೆಸರುಗಳು. ನಮ್ಮ ನಾಲಿಗೆಗೆ ಅರ್ಧ ಅಕ್ಷರ ಒಗ್ಗುವುದಿಲ್ಲ. ಬಸ್ ಬಂದರೆ ಬಸ್ಸು ಅಂತೀವಿ. ಕಾರ್ ಬಂದರೆ ಕಾರು ಅಂತೀವಿ. ಹಾಗೇ ಕಾಜಲ್ ಎಂಬ ಕೂಸು ಅಜ್ಜಿಯ ಬಾಯಲ್ಲಿ ಕಾಜಲು ಆಗುತ್ತದೆ. ಇಡಬಾರದು ಅಂತ ಅಲ್ಲ. ಇಡುವ ಮುಂಚೆ ಅಜ್ಜಿಯ ಬಾಯಲ್ಲಿ ಒಮ್ಮೆ ಹೇಳಿಸಿ ನೋಡಿ.

ಇಳಿ ಬಿಟ್ಟರೆ ಏನಾಗುತ್ತದೆ?

ವಿಜಯ ಅಂತ ಬರೆಯಿರಿ. ವಿಜಯಾ ಅಂತ ಬರೆಯಿರಿ. ಮೊದಲನೆಯದು ಗಂಡಿನ ಹೆಸರು, ಎರಡನೆಯದು ಹೆಣ್ಣಿನ ಹೆಸರು. ನಡುವೆ ಇರುವುದು ಒಂದು ಇಳಿ. ಅರುಣ, ಅರುಣಾ. ಇಲ್ಲೂ ಹಾಗೇ. ಮಾತಿನಲ್ಲಿ ನಾವು ಇಳಿಯನ್ನು ನುಂಗುತ್ತೇವೆ. 'ಗೀತ ಬಂದ್ಲು' ಅಂತೀವಿ. ಕೂಗುವಾಗ 'ಗೀತಾ' ಅಂತ ಎಳೀತೀವಿ. ಬರೆಯುವಾಗ ಎರಡರಲ್ಲಿ ಒಂದನ್ನು ಗಟ್ಟಿ ಮಾಡಿಕೊಳ್ಳಬೇಕು.

ಇಂಗ್ಲಿಷಿನಲ್ಲಿ ಇನ್ನೊಂದು ತೊಡಕು. ಅಲ್ಲಿ ಇಳಿಗೆ ಬೇರೆ ಗುರುತು ಇಲ್ಲ. ವಿಜಯ, ವಿಜಯಾ ಎರಡನ್ನೂ ಒಂದೇ ಥರ ಬರೆಯುತ್ತಾರೆ. ಗೀತಾ ಎಂಬ ಹೆಸರಿನ 'ತಾ' ಅಕ್ಷರಕ್ಕೆ ಕೆಲವರು ಟಿ, ಎಚ್, ಎ ಅಂತ ಮೂರು ಅಕ್ಷರ ಹಾಕುತ್ತಾರೆ. ಕೆಲವರು ಟಿ, ಎ ಅಂತ ಎರಡೇ ಹಾಕುತ್ತಾರೆ. ಹೆಸರಿಗೆ ಇನ್ನೊಂದು ಎ ಸೇರಿಸಿದರೆ ಅದೃಷ್ಟ ಬರುತ್ತದೆ ಅಂತ ಹೇಳುವವರೂ ಇದ್ದಾರೆ. ಅದೃಷ್ಟದ ಮಾತು ಹಾಗಿರಲಿ. ಒಂದು ಕಾಗದದಲ್ಲಿ ಎ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಓಡಾಟ ಮಾತ್ರ ಖಂಡಿತ ಬರುತ್ತದೆ.

ಕಾಗದದ ಮೇಲೆ ಹೆಸರು

ಲಕ್ಷ್ಮಿ, ಲಕ್ಷ್ಮಮ್ಮ, ಲಕ್ಷ್ಮೀದೇವಿ. ನಮಗೆ ಮೂರೂ ಒಬ್ಬಳೇ. ಕಚೇರಿಯ ಕಂಪ್ಯೂಟರಿಗೆ ಮೂರು ಜನ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಎಂಬ ಯೋಜನೆ ಅದು. ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಖಾತೆ ಮೂರೂ ಒಂದಕ್ಕೊಂದು ಹೊಂದಬೇಕಾಯಿತು. ಆಗ ಎಷ್ಟೋ ಹೆಂಗಸರು ತಮ್ಮ ಹೆಸರಿನ ಕೊನೆಯನ್ನು ಮೊದಲ ಸಲ ಬೆರಳಿಟ್ಟು ನೋಡಿದರು.

ನಮ್ಮ ಹೆಸರು ಬರೆಯುವಾಗ ನಮಗೆ ಓದಲು ಬರುತ್ತಿರಲಿಲ್ಲ. ಬರೆಯುವವರಿಗೆ ಕೇಳಿಸಿದ ಹಾಗೆ ಬರೆದುಕೊಂಡರು. ಈಗ ಕೂಸಿನ ಹೆಸರನ್ನು ಬರೆಸುವಾಗ ನಾವೇ ಓದಿ ನೋಡಬಹುದು. ಮುಖ್ಯವಾದ ಕಾಗದ ಜನನ ಪ್ರಮಾಣ ಪತ್ರ. ಅದರ ಬಗ್ಗೆ ಇಷ್ಟು ತಿಳಿದಿರಲಿ.

ಜನನ ಮರಣ ನೋಂದಣಿ ಕಾಯಿದೆ ಆದದ್ದು 1969ರಲ್ಲಿ. ಕೂಸು ಹುಟ್ಟಿದ 21 ದಿನದ ಒಳಗೆ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ ಹುಟ್ಟಿದರೆ ಆಸ್ಪತ್ರೆಯವರೇ ತಿಳಿಸುತ್ತಾರೆ. ಮನೆಯಲ್ಲಿ ಹುಟ್ಟಿದರೆ ಮನೆಯವರು ತಿಳಿಸಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಹೆಸರು ಇಡುವ ಮೊದಲೇ ನೋಂದಣಿ ಮಾಡಿಸಬಹುದು. ಹೆಸರಿಗಾಗಿ ಕಾಯಬೇಡಿ. ನೋಂದಣಿ ಆದ ಮೇಲೆ 12 ತಿಂಗಳ ಒಳಗೆ ಹೆಸರು ಸೇರಿಸಲು ಶುಲ್ಕ ಇಲ್ಲ. ಆಮೇಲೆ 15 ವರ್ಷದ ತನಕ ತಡವಾದ ಶುಲ್ಕ ಕೊಟ್ಟು ಸೇರಿಸಬಹುದು. ಆದರೆ ತಡ ಯಾಕೆ?

2023ರ ಅಕ್ಟೋಬರ್ 1ರಿಂದ ಈ ಕಾಗದದ ಬೆಲೆ ಇನ್ನೂ ಹೆಚ್ಚಾಗಿದೆ. ಅಂದಿನಿಂದ ಹುಟ್ಟಿದ ಮಕ್ಕಳ ಹುಟ್ಟಿದ ದಿನಕ್ಕೂ ಊರಿಗೂ ಜನನ ಪ್ರಮಾಣ ಪತ್ರವೇ ದಾಖಲೆ. ಶಾಲೆಗೆ ಸೇರಿಸಲು, ಆಧಾರ್ ಮಾಡಿಸಲು, ಮುಂದೆ ಮತದಾರರ ಪಟ್ಟಿಗೆ ಸೇರಲು, ಮದುವೆ ನೋಂದಣಿಗೆ, ಎಲ್ಲಕ್ಕೂ ಅದು ಬೇಕು. ಅಲ್ಲಿ ಇರುವ ಹೆಸರೇ ಶಾಲೆಯ ದಾಖಲಾತಿಗೆ ಹೋಗುತ್ತದೆ. ಶಾಲೆಯ ಹೆಸರೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ. ಮೊದಲ ಕಾಗದದಲ್ಲಿ ಕೊನೆಯ ಅಕ್ಷರ ಸರಿ ಇದ್ದರೆ ಮುಂದಿನದೆಲ್ಲ ಸರಿ ಇರುತ್ತದೆ.

ಆ ಪತ್ರದಲ್ಲಿ ತಾಯಿಯ ಹೆಸರೂ ಇರುತ್ತದೆ. ಅದನ್ನೂ ಓದಿ. ನಿಮ್ಮ ಆಧಾರ್ ಕಾರ್ಡಿನಲ್ಲಿ ಮಂಜುಳಾ ಅಂತ ಇದ್ದರೆ ಅಲ್ಲೂ ಮಂಜುಳಾ ಅಂತಲೇ ಇರಬೇಕು. ಮಂಜುಳಮ್ಮ ಅಂತ ಆಗಬಾರದು. ತಪ್ಪು ಕಂಡರೆ ಅಲ್ಲೇ ಹೇಳಿ. "ಸ್ವಾಮಿ, ಇಲ್ಲಿ ಇಳಿ ಬಿಟ್ಟಿದೆ, ಸರಿ ಮಾಡಿಕೊಡಿ" ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ತಿದ್ದಿಸುವ ಅವಕಾಶ ಕಾಯಿದೆಯಲ್ಲೇ ಇದೆ.

ಹೆಸರು ಆರಿಸುವಾಗ ನಾಲ್ಕು ಪರೀಕ್ಷೆ

ಕೂಗುವ ಪರೀಕ್ಷೆ: ಹೊಲದ ಬದುವಿನಲ್ಲಿ ನಿಂತು ಹೆಸರು ಕೂಗಿ. ದೂರಕ್ಕೆ ಕೇಳುವುದು ಹೆಸರಿನ ಕೊನೆ. ಗೌರೀ, ಗೀತಾ ಅಂತ ಎಳೆಯಲು ಬರಬೇಕು.

ಅಜ್ಜಿಯ ಪರೀಕ್ಷೆ: ಮನೆಯ ಹಿರಿಯರ ನಾಲಿಗೆಗೆ ಬರಬೇಕು. ದಿನಕ್ಕೆ ಹತ್ತು ಸಲ ಕರೆಯುವವರು ಅವರು.

ಅರ್ಥದ ಪರೀಕ್ಷೆ: ಮಗಳು ದೊಡ್ಡವಳಾಗಿ "ಅವ್ವಾ, ನನ್ನ ಹೆಸರಿಗೆ ಏನರ್ಥ?" ಅಂತ ಕೇಳುತ್ತಾಳೆ. ಹೇಳಲು ಒಳ್ಳೆಯ ಮಾತು ಇರಬೇಕು. ಸಾಕಮ್ಮ ಎಂಬ ಹೆಸರು ಕೆಲವು ಕಡೆ ಸಾಕಿ ಬೆಳೆಸಿದ್ದಕ್ಕೆ ಬಂತು. ಕೆಲವು ಕಡೆ ಹೆಣ್ಣು ಇನ್ನು ಸಾಕು ಅಂತ ಇಟ್ಟರು. ಆ ಹೆಸರಿನ ಎಷ್ಟೋ ತಾಯಂದಿರು ಮನೆ ಮಕ್ಕಳನ್ನೆಲ್ಲ ಸಾಕಿದ್ದಾರೆ. ಆದರೂ ಬೇಡ ಎಂಬ ಮಾತನ್ನು ಕೂಸಿನ ತಲೆಗೆ ಕಟ್ಟುವುದು ನಮಗೆ ಬೇಡ.

ಬರೆಯುವ ಪರೀಕ್ಷೆ: ತಾಯಿಯ ಕೈಯಲ್ಲಿ ತಪ್ಪಿಲ್ಲದೆ ಬರೆಯಲು ಬರಬೇಕು. ತೊಟ್ಟಿಲ ಶಾಸ್ತ್ರದಲ್ಲಿ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯುವ ಪದ್ಧತಿ ಹಲವು ಮನೆಗಳಲ್ಲಿ ಇದೆ. ತಂದೆಯೋ ಪುರೋಹಿತರೋ ಬರೆಯುತ್ತಿದ್ದರು. ಈಗ ತಾಯಿಯೂ ಬರೆಯಬಹುದು.

ಬೇಲೂರು ತಾಲ್ಲೂಕಿನ ಹಲ್ಮಿಡಿ ಗೊತ್ತಲ್ಲ? ಕನ್ನಡದ ಬಹಳ ಹಳೆಯ ಶಾಸನ ಸಿಕ್ಕಿದ್ದು ಆ ಊರಿನಲ್ಲಿ. ಸುಮಾರು ಒಂದೂವರೆ ಸಾವಿರ ವರ್ಷದಷ್ಟು ಹಳೆಯದು. ಅಕ್ಷರ ನಮ್ಮ ನೆಲಕ್ಕೆ ಹೊಸದಲ್ಲ. ನಮ್ಮ ಕೈಗೆ ಮಾತ್ರ ಹೊಸದು. ಬಂದಿದೆಯಲ್ಲ, ಬಳಸೋಣ.

ನೆನಪಿಡಿ

ಹೆಸರಿನ ಕೊನೆಯನ್ನು ಯೋಚಿಸಿ ಆರಿಸಿ.
ಬಾಯಲ್ಲಿ ಅಕ್ಕ, ಅಮ್ಮ ಸೇರಲಿ. ಕಾಗದದಲ್ಲಿ ಹೆಸರು ಒಂದೇ ಇರಲಿ.
21 ದಿನದ ಒಳಗೆ ಜನನ ನೋಂದಣಿ ಮಾಡಿಸಿ. 12 ತಿಂಗಳ ಒಳಗೆ ಹೆಸರು ಸೇರಿಸಿ.
ಪತ್ರ ಕೈಗೆ ಬಂದ ಕೂಡಲೇ ಕೊನೆಯ ಅಕ್ಷರದ ತನಕ ಓದಿ.

ಹೊಸ ಪದಗಳು

ನೋಂದಣಿ: ಸರ್ಕಾರದ ಪುಸ್ತಕದಲ್ಲಿ ಬರೆಸುವುದು.
ಪ್ರಮಾಣ ಪತ್ರ: ಇದು ನಿಜ ಎಂದು ಕಚೇರಿ ಕೊಡುವ ಕಾಗದ.
ಶುಲ್ಕ: ಕಚೇರಿಗೆ ಕಟ್ಟುವ ಹಣ.
ಶಾಸನ: ಕಲ್ಲಿನ ಮೇಲೆ ಕೆತ್ತಿದ ಬರಹ.

ಅಭ್ಯಾಸ

1. ಇವುಗಳಿಗೆ ಗುಡಿಸು ಕೊಟ್ಟು ಹೆಣ್ಣಿನ ಪದ ಮಾಡಿ: ಅರಸ, ನಾಯಕ, ಅಜ್ಜ, ಹುಡುಗ.

2. ಇಳಿ ಸೇರಿಸಿ ಮತ್ತೆ ಬರೆಯಿರಿ: ವಿಜಯ, ಅರುಣ, ನವೀನ.

3. ನಿಮ್ಮ ತಾಯಿಯ ಹೆಸರು, ನಿಮ್ಮ ಹೆಸರು, ಮಗಳ ಹೆಸರು ಒಂದರ ಕೆಳಗೆ ಒಂದು ಬರೆಯಿರಿ. ಕೊನೆಯ ಅಕ್ಷರಕ್ಕೆ ಸುತ್ತು ಹಾಕಿ. ಮೂರೂ ಒಂದೇ ಇವೆಯಾ? ಬೇರೆ ಇವೆಯಾ? ಗುಂಪಿನಲ್ಲಿ ಮಾತಾಡಿ.

4. ಶಾಂತಲೇಶ್ವರ ಎಂಬ ಹೆಸರಿನಲ್ಲಿ ಯಾರ ಹೆಸರು ಅಡಗಿದೆ? ಆ ಗುಡಿ ಯಾವ ಊರಿನಲ್ಲಿದೆ?

5. ಮನೆಗೆ ಹೋಗಿ ರೇಷನ್ ಕಾರ್ಡು, ಆಧಾರ್, ಬ್ಯಾಂಕ್ ಪುಸ್ತಕ ಮೂರನ್ನೂ ಪಕ್ಕ ಪಕ್ಕ ಇಡಿ. ನಿಮ್ಮ ಹೆಸರನ್ನು ಬೆರಳಿಟ್ಟು ಕೊನೆಯ ಅಕ್ಷರದ ತನಕ ಓದಿ. ವ್ಯತ್ಯಾಸ ಕಂಡರೆ ಬರೆದುಕೊಂಡು ನಾಳೆಯ ತರಗತಿಗೆ ತನ್ನಿ. ತಿದ್ದಿಸಲು ಅರ್ಜಿ ಬರೆಯುವುದನ್ನು ಎಲ್ಲರೂ ಕೂಡಿ ಕಲಿಯೋಣ.